ಮೋಟಾರುಗಾಡಿಯ ಮುಖ

ಮುಖವು ಮನಸ್ಸಿನ ಕನ್ನಡಿಯೆಂಬುದು ಹಿರಿಯರ ಮಾತು. ಇದು ಮನುಷ್ಯರಿಗಷ್ಟೇ ಅಲ್ಲದೆ ಮೋಟಾರುಗಾಡಿಗಳಿಗೂ ಸಲ್ಲುವಂತೆ ತೋರುತ್ತದೆ. ದೆಹಲಿಯಲ್ಲಿ 1964ರಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆಯವರು ಆರಂಭಿಸಿದ ಹಳೆಯ ಕಾರುಗಳ ರ‍್ಯಾಲಿಯಲ್ಲಾಗಲಿ, ಹರಿಯಾಣದ ತಾವಡುವಿನಲ್ಲಿ 2013ರಲ್ಲಿ ತೆರೆದ ಸಾರಿಗೆ ವಸ್ತುಸಂಗ್ರಹಾಲಯದಲ್ಲಾಗಲಿ, ಹಳೆಯ ಗಾಡಿಯ ಮುಂದೆ ನಿಂತವರು ಮೊದಲು ನೋಡುವುದು ಅದರ ಮುಖವನ್ನೇ. ದೀಪಗಳು ಕಣ್ಣುಗಳಂತೆಯೂ, ಗಾಳಿಯ ಜಾಲರಿಯು ಬಾಯಿಯಂತೆಯೂ ಕಾಣುತ್ತವೆ.

ಆದರೆ ಈ ಮುಖವು ಕೇವಲ ಅಲಂಕಾರಕ್ಕಾಗಿ ಇರುವುದಲ್ಲ. ಅದಕ್ಕೆ ಮೂರು ಮುಖ್ಯ ಕೆಲಸಗಳುಂಟು. ಜಾಲರಿಯ ಮೂಲಕ ಗಾಳಿಯು ನುಗ್ಗಿ ರೇಡಿಯೇಟರಿನ ಬಿಸಿನೀರನ್ನು ತಣಿಸಬೇಕು; ದೀಪಗಳು ದಾರಿಯನ್ನು ಬೆಳಗಬೇಕು; ಬಂಪರು ಹೊಡೆತವನ್ನು ತಾಳಿಕೊಳ್ಳಬೇಕು. ಇವುಗಳಲ್ಲಿ ಒಂದನ್ನು ಬದಲಿಸಿದರೂ ಉಳಿದವುಗಳ ಮೇಲೆ ಪರಿಣಾಮವಾಗದಿರದು.

ವಿಚಿತ್ರವಾದ ಮುಖಕ್ಕೆ ನಮ್ಮ ದೇಶದಲ್ಲಿಯೇ ಒಂದು ಪ್ರಸಿದ್ಧ ಉದಾಹರಣೆಯಿದೆ. 1910ರಲ್ಲಿ ಕಲಕತ್ತೆಯ ಒಬ್ಬ ಧನಿಕರಿಗಾಗಿ ಇಂಗ್ಲೆಂಡಿನಲ್ಲಿ ತಯಾರಾದ ಬ್ರೂಕ್ ಗಾಡಿಯ ಮುಂಭಾಗವು ದೊಡ್ಡದೊಂದು ಹಂಸದ ಆಕಾರದಲ್ಲಿತ್ತು. ಅದರ ಕಣ್ಣುಗಳು ವಿದ್ಯುತ್ತಿನಿಂದ ಹೊಳೆಯುತ್ತಿದ್ದವು. ಕೊಕ್ಕಿನಿಂದ ಬಿಸಿನೀರಿನ ಹಬೆ ಚಿಮ್ಮುತ್ತಿತ್ತು! ಬೀದಿಯ ಜನರು ಬೆದರಿ ಗಲಿಬಿಲಿಯಾದುದರಿಂದ ಪೊಲೀಸರು ಅದರ ಓಡಾಟವನ್ನು ತಡೆದರಂತೆ. ಮುಂದೆ ನಾಭಾ ಸಂಸ್ಥಾನದ ಮಹಾರಾಜರ ವಶವಾದ ಆ ಹಂಸವು ಈಗ ಹಾಲೆಂಡಿನ ಸಂಗ್ರಹಾಲಯವೊಂದರಲ್ಲಿದೆ.

ಅಮೆರಿಕದ ಹೆಸರಾಂತ ಸ್ಪೋರ್ಟ್ಸ್ ಕಾರಾದ ಕಾರ್ವೆಟ್ಟಿನ ಕಥೆ ಇನ್ನೂ ಬೋಧಪ್ರದವಾದುದು. 1953ರಲ್ಲಿ ಶೆವ್ರೊಲೆ ಕಂಪನಿಯು ಇಂಥ 300 ಗಾಡಿಗಳನ್ನು ಮಾತ್ರ ನಿರ್ಮಿಸಿತು. ದೀಪಗಳಿಗೆ ಕಲ್ಲು ತಾಗದಂತೆ ತಂತಿಯ ಬಲೆ, ಬಾಯಲ್ಲಿ ಹಲ್ಲುಗಳಂತೆ 13 ಹೊಳೆಯುವ ಪಟ್ಟಿಗಳು. 1958ರಲ್ಲಿ ಎರಡು ಕಣ್ಣು ನಾಲ್ಕಾದವು. ತೊರಕೆ ಮೀನಿನ ಹೆಸರನ್ನು ಪಡೆದ 1963ರ ಮಾದರಿಯಲ್ಲಿ ದೀಪಗಳು ಮೈಯೊಳಗೆ ಅಡಗಿದ್ದು, ಬೇಕಾದಾಗ ವಿದ್ಯುತ್ ಮೋಟಾರಿನಿಂದ ತಿರುಗಿ ಹೊರಬರುತ್ತಿದ್ದವು. 1973ರಲ್ಲಿ ಸೌಂದರ್ಯಕ್ಕಿಂತ ಶಾಸನವು ಮೇಲಾಯಿತು. ಗಂಟೆಗೆ ಸುಮಾರು 8 ಕಿಲೋಮೀಟರ್ ವೇಗದ ಡಿಕ್ಕಿಯಲ್ಲಿ ದೀಪಾದಿಗಳು ಕೆಡಬಾರದೆಂಬ ನಿಯಮ ಬಂದು, ಕ್ರೋಮಿಯಂ ಬಂಪರಿನ ಜಾಗದಲ್ಲಿ, ತಗ್ಗಿ ಮತ್ತೆ ಉಬ್ಬುವ ಯುರೇಥೇನಿನ ಮೂಗು ಮೂಡಿತು.

ಕಾರ್ವೆಟ್ಟಿನ ಮೈ ಉಕ್ಕಿನದಲ್ಲ. ಗಾಜಿನ ಎಳೆಗಳನ್ನು ರಾಳದಲ್ಲಿ ಅದ್ದಿ ಅಚ್ಚುಹಾಕಿದ ಫೈಬರ್‌ಗ್ಲಾಸಿನದು. ಅದನ್ನು ಗರಗಸದಿಂದ ಕತ್ತರಿಸಿ ಹೊಸ ತುಂಡನ್ನು ಅಂಟಿಸುವುದು ಸುಲಭ. ಆದಕಾರಣ ಅದರ ಮಾಲೀಕರಲ್ಲಿ ಹಲವರು ಮೂಗನ್ನು ಉದ್ದಗೊಳಿಸಿದರು, ಬಾಯಿಯನ್ನು ಕಿರಿದುಗೊಳಿಸಿದರು, ಕೆಳತುಟಿಯಂತೆ ಹಲಗೆಯನ್ನು ಜೋಡಿಸಿದರು. ಇವುಗಳಲ್ಲಿ ಕೆಲವಕ್ಕೆ ಸಕಾರಣವುಂಟು. ವೇಗದಲ್ಲಿ ಮೂಗಿನ ಕೆಳಗೆ ನುಗ್ಗಿದ ಗಾಳಿಯು ಗಾಡಿಯ ಮುಂಭಾಗವನ್ನು ಮೇಲೆತ್ತುತ್ತದೆ. ಚಕ್ರದ ಹಿಡಿತ ಸಡಿಲುತ್ತದೆ. ಕೆಳಹಲಗೆಯು ಆ ಗಾಳಿಯನ್ನು ತಡೆಯುತ್ತದೆ. ಆದರೆ ಬರಿಯ ಚಂದಕ್ಕಾಗಿ ಬಾಯಿಯನ್ನು ಕಿರಿದು ಮಾಡಿದರೆ ಎಂಜಿನ್ ಕಾದು ಕುದಿಯುತ್ತದೆ.

ಹೀಗೆ ಬದಲಿಸಿದವರು ಪಶ್ಚಾತ್ತಾಪಪಟ್ಟದ್ದೂ ಉಂಟು. 1963ರ ಮಾದರಿಯ ಹಿಂಗಿಟಕಿಯ ನಡುವೆ ಒಂದು ಪಟ್ಟಿಯಿತ್ತು. ನೋಟಕ್ಕೆ ಅಡ್ಡವೆಂದು ಕೆಲವರು ಅದನ್ನು ಕಿತ್ತು ಇಡಿಯ ಗಾಜನ್ನು ಕೂರಿಸಿದರು. ಮರುವರ್ಷ ಕಂಪನಿಯೇ ಆ ಪಟ್ಟಿಯನ್ನು ಕೈಬಿಟ್ಟುದರಿಂದ, ಅದಿರುವ ಗಾಡಿಗೆ ಇಂದು ಎಲ್ಲಿಲ್ಲದ ಬೆಲೆ!

ಇದೆಲ್ಲ ದೂರದೇಶದ ಮಾತೆಂದು ನಾವು ಸುಮ್ಮನಿರುವಂತಿಲ್ಲ. ಕಾರುಗಳ ಮುಂದೆ ಉಕ್ಕಿನ ದಪ್ಪ ಕಂಬಿಗಳನ್ನು ಕಟ್ಟಿಸುವ ಹುಚ್ಚು ದೆಹಲಿಯ ಬೀದಿಗಳಲ್ಲಿಯೂ ಹಬ್ಬಿತ್ತು. 1988ರ ಮೋಟಾರುವಾಹನ ಕಾಯಿದೆಯ 52ನೆಯ ವಿಧಿಗೆ ಇದು ವಿರುದ್ಧವೆಂದು ಕೇಂದ್ರ ಸರ್ಕಾರವು 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ತಿಳಿಸಿತು. ಕಾರಣವು ಸ್ಪಷ್ಟ. ಡಿಕ್ಕಿಯಾದಾಗ ಗಾಡಿಯ ಮುಂಭಾಗವು ನುಗ್ಗಾಗಿ ಹೊಡೆತವನ್ನು ನುಂಗಬೇಕು. ಬಿಗಿಯಾದ ಕಂಬಿಯು ಹೊಡೆತವನ್ನು ನೇರವಾಗಿ ಚಾಸಿಗೆ ದಾಟಿಸುತ್ತದೆ. ಒಳಗಿನ ಗಾಳಿಚೀಲವು ಸಕಾಲಕ್ಕೆ ಬಿಚ್ಚದಿರಬಹುದು. ಎದುರಿಗೆ ಸಿಕ್ಕವನು ಪಾದಚಾರಿಯಾಗಿದ್ದರೆ ಅವನ ಗತಿಯನ್ನು ಹೇಳಬೇಕಾದುದಿಲ್ಲ. ಪ್ರತಿದಿನವೂ ರಸ್ತೆ ದಾಟಿ ಶಾಲೆಗೆ ಬರುವ ನಾವೇ ಆ ಪಾದಚಾರಿಗಳು.

ಹಳೆಯ ಗಾಡಿಗಳಿಗೂ ನಿಯಮವುಂಟು. 2021ರ ಜುಲೈಯಲ್ಲಿ ಪ್ರಕಟವಾದ ನಿಯಮಗಳ ಪ್ರಕಾರ, 50 ವರ್ಷಗಳನ್ನು ಮೀರಿ, ಚಾಸಿ, ಮೈಗೂಡು, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಟಿಲ್ಲದೆ ಮೂಲರೂಪದಲ್ಲಿ ಉಳಿದ ಗಾಡಿಗೇ ‘ವಿಂಟೇಜ್’ ಎಂಬ ಮನ್ನಣೆ. ಗರಗಸವನ್ನು ಹಿಡಿಯುವ ಮುನ್ನ ಮಾಲೀಕನು ಇದನ್ನು ನೆನೆಯಬೇಕು.

ಹೊಸತನವನ್ನು ಬಯಸುವುದು ತಪ್ಪಲ್ಲ. ಕಾರ್ವೆಟ್ಟಿನ ಮುಖವನ್ನು ಅದರ ನಿರ್ಮಾಪಕರೇ ಹಲವು ಬಾರಿ ಬದಲಿಸಿದರು. ಆದರೆ ಬದಲಿಸುವ ಮೊದಲು, ಇರುವುದು ಏಕೆ ಹಾಗಿದೆಯೆಂದು ಕೇಳಿ ತಿಳಿಯುವುದು ಜಾಣರ ಲಕ್ಷಣ. ಮೋಟಾರುಗಾಡಿಯ ಮುಖವನ್ನು ಓದಬಲ್ಲ ವಿದ್ಯಾರ್ಥಿಗೆ ಭೌತಶಾಸ್ತ್ರದ ಪುಟವೊಂದು ಬೀದಿಯಲ್ಲಿಯೇ ತೆರೆದುಕೊಂಡಂತಾಗುತ್ತದೆ.