ಇಷ್‌ಚೆಲ್ ದೇವಿಯ ಯಾತ್ರೆ

ಮಾಯಾ ಜನಾಂಗವು ಅಳಿದುಹೋಯಿತೆಂದು ನಾವು ಕೇಳುತ್ತ ಬಂದಿದ್ದೇವೆ. ಇದು ನಿಜವಲ್ಲ.

ಮೆಕ್ಸಿಕೋ ದೇಶದ ಕೊಸುಮೆಲ್ ದ್ವೀಪದಲ್ಲಿ ಹೆರಿಗೆ ಕಾಯುವ ಇಷ್‌ಚೆಲ್ ದೇವಿಯ ಗುಡಿಯಿತ್ತು. ಮಾಯಾ ಹೆಂಗಸರು ದೋಣಿಯೇರಿ, ಕಡಲು ದಾಟಿ, ಸಂತಾನ ಬೇಡಲು ಹೋಗುತ್ತಿದ್ದರು. 1519ರಲ್ಲಿ ಸ್ಪೇನಿನ ಕೊರ್ಟೆಸ್ ಆ ದ್ವೀಪದಲ್ಲಿಳಿದು ವಿಗ್ರಹಗಳನ್ನು ಕೆಡವಿಸಿದನು. ಈಗ ದೂರದೇಶಗಳ ಮಹಿಳೆಯರು ತಂಡ ಕಟ್ಟಿಕೊಂಡು ಅಲ್ಲಿನ ಪಾಳುಗುಡಿಗಳಿಗೆ ಯಾತ್ರೆ ಬರುತ್ತಾರೆ. ಬರೀ ಕಲ್ಲು ನೋಡಿ ಮರಳಿದರೆ ಅದು ಅರ್ಧ ಯಾತ್ರೆಯೆಂದೇ ನಮ್ಮ ಭಾವನೆ.

ಗ್ವಾಟೆಮಾಲಾ ದೇಶದ ಬೆಟ್ಟಸೀಮೆಯ ಮೊಮೊಸ್ತೆನಾಂಗೊ ಎಂಬಲ್ಲಿ ಕಿಚೆ ಮಾಯಾ ಜನರು ಇಂದಿಗೂ 20 ದಿನನಾಮಗಳಿಗೆ 13 ಅಂಕಿಗಳನ್ನು ಹೊಂದಿಸಿ 260 ದಿನಗಳ ಪಂಚಾಂಗ ಎಣಿಸುತ್ತಾರೆ. ಆ ದಿನಗಣಕರಲ್ಲಿ ಹೆಂಗಸರೂ ಇದ್ದಾರೆ. ಅದೇಕೆ 260? ಬಸಿರಿನ ಅವಧಿಯೇ ಅಷ್ಟು, ಎನ್ನುತ್ತಾರೆ ಅಲ್ಲಿನ ಸೂಲಗಿತ್ತಿಯರು.