ಒಗ್ಗರಣೆಯ ಘಮ ಎಲ್ಲಿ ಹೋಯಿತು?

2020ರ ಏಪ್ರಿಲ್ ಕೊನೆಗೆ ಕೇಂದ್ರ ಸರ್ಕಾರ ಕೋವಿಡ್ ಹರಡಿದ ಮಟ್ಟ ನೋಡಿ ಜಿಲ್ಲೆಗಳನ್ನು ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸಿದಾಗ ತಮಿಳುನಾಡಿನಲ್ಲಿ ಹಸಿರು ಸಿಕ್ಕಿದ್ದು ಕೃಷ್ಣಗಿರಿ ಒಂದಕ್ಕೇ. ಗುಮ್ಮಳಾಪುರ, ತಳಿ ಕಡೆಯ ಕನ್ನಡದ ಹಳ್ಳಿಗಳಿರುವುದು ಆ ಜಿಲ್ಲೆಯಲ್ಲಿ. ಹಸಿರು ಹೆಚ್ಚು ದಿನ ಉಳಿಯಲಿಲ್ಲ. ಮರುವರ್ಷ ಎರಡನೇ ಅಲೆ ಬಂದಾಗ ಎಲ್ಲರ ಬಾಯಲ್ಲೂ ಆಕ್ಸಿಜನ್, ಬೆಡ್, ಎದೆಯ ಸ್ಕ್ಯಾನ್‌ಗಳದ್ದೇ ಮಾತು. ಮೆದುಳಿನ ಗತಿಯೇನು ಎಂದು ಕೇಳಿದವರು ಕಡಿಮೆ. ಆದರೆ ಎಷ್ಟೋ ಜನರಿಗೆ ಸೋಂಕಿನ ಸುಳಿವು ಮೊದಲು ಸಿಕ್ಕಿದ್ದು ನರಗಳಿಂದಲೇ. ಒಗ್ಗರಣೆ ಚಟಪಟ ಎನ್ನುತ್ತಿದ್ದರೂ ಘಮ ಮೂಗಿಗೆ ಹತ್ತಲಿಲ್ಲ.

ಮೂಗಿನೊಳಗೆ ಮೇಲ್ಭಾಗದಲ್ಲಿ ಕೆಲವೇ ಚದರ ಸೆಂಟಿಮೀಟರ್ ವಿಸ್ತಾರದ ಒಂದು ಪೊರೆಯಿದೆ. ಅಲ್ಲಿಂದ ಹೊರಟ ನರದ ಎಳೆಗಳು ತೂತುತೂತಾದ ತೆಳು ಮೂಳೆಯನ್ನು ದಾಟಿ ನೇರ ಮೆದುಳಿಗೆ ಸೇರುತ್ತವೆ. ವೈರಸ್ ಈ ದಾರಿ ಹಿಡಿದು ಒಳಗೆ ಹೋಗುತ್ತಿದೆಯೇ ಎಂಬ ಭಯ ಆರಂಭದಲ್ಲಿ ವಿಜ್ಞಾನಿಗಳಿಗೂ ಇತ್ತು. ಕೊರೋನಾ ವೈರಸ್ ಒಂದು ಕೋಶದೊಳಗೆ ನುಗ್ಗಬೇಕಾದರೆ ಆ ಕೋಶದ ಮೈಮೇಲೆ ಎಸಿಇ-2 ಎಂಬ ಪ್ರೋಟೀನ್ ಇರಬೇಕು. ಹಾರ್ವರ್ಡ್‌ನ ಸಂದೀಪ್ ರಾಬರ್ಟ್ ದತ್ತಾ ಅವರ ತಂಡ 2020ರಲ್ಲಿ ಹುಡುಕಿ ನೋಡಿದಾಗ, ವಾಸನೆ ಹಿಡಿಯುವ ನರಕೋಶಗಳಲ್ಲಿ ಆ ಪ್ರೋಟೀನ್ ತಯಾರಾಗುವ ಲಕ್ಷಣವೇ ಕಾಣಲಿಲ್ಲ. ಅದು ಇದ್ದದ್ದು ನರಕೋಶಗಳ ಸುತ್ತ ನಿಂತು ಅವನ್ನು ಪೋಷಿಸುವ ಆಸರೆ ಕೋಶಗಳಲ್ಲಿ. ಚಪ್ಪರ ಕುಸಿದರೆ ಮಲ್ಲಿಗೆ ಬಳ್ಳಿಗೆ ಜೀವವಿದ್ದರೂ ಹೂ ಬಿಡುವ ತ್ರಾಣ ಇರುವುದಿಲ್ಲ. ಇಲ್ಲಿ ಆದದ್ದೂ ಅದೇ. ಸುತ್ತ ಉರಿಯೂತ ಎದ್ದಾಗ, ಸೋಂಕು ತಗಲದ ನರಕೋಶಗಳೂ ವಾಸನೆಯ ಗ್ರಾಹಕಗಳನ್ನು ತಯಾರಿಸುವುದನ್ನು ನಿಲ್ಲಿಸಿಬಿಡುತ್ತವೆ ಎಂಬುದು 2022ರ ಹೊತ್ತಿಗೆ ಗೊತ್ತಾಯಿತು.

ಆಸರೆ ಕೋಶಗಳು ಮತ್ತೆ ಹುಟ್ಟಬಲ್ಲವು. ಹಾಗಾಗಿಯೇ ಬಹುಪಾಲು ಜನರಿಗೆ ಕೆಲವು ವಾರಗಳಲ್ಲಿ ವಾಸನೆ ಮರಳಿತು. ಕೆಲವರಿಗೆ ಮರಳಿದ್ದು ಕೆಟ್ಟುಹೋಗಿತ್ತು: ಕಾಫಿ, ಈರುಳ್ಳಿ, ಬೆಳ್ಳುಳ್ಳಿ ಎಲ್ಲವೂ ಕೊಳೆತ ನಾತ. ಅಂಥವರು ಊಟ ಬಿಟ್ಟು ಸೊರಗಿದರೆ ಅದನ್ನು ಹಟ ಎನ್ನುವುದು ತಪ್ಪು.

ಮೆದುಳಿನ ಕಥೆಯೂ ಬಹುಮಟ್ಟಿಗೆ ಹೀಗೆಯೇ ಸಾಗುತ್ತದೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕೋವಿಡ್‌ನಿಂದ ತೀರಿಹೋದ 43 ಜನರ ಮೆದುಳನ್ನು ಪರೀಕ್ಷಿಸಿದರು. ಸುಮಾರು ಅರ್ಧದಷ್ಟು ಜನರಲ್ಲಿ ವೈರಸ್ಸಿನ ಕುರುಹು ಸಿಕ್ಕಿತು, ಆದರೆ ಮೆದುಳಿಗಾದ ಹಾನಿಗೂ ಆ ಕುರುಹಿಗೂ ತಾಳೆಯಾಗಲಿಲ್ಲ. ಅಮೆರಿಕದಲ್ಲಿ ಅವೀಂದ್ರ ನಾಥ್ ಅವರ ತಂಡ ಮೆದುಳಿನ ಸಣ್ಣ ರಕ್ತನಾಳಗಳು ಹಾನಿಗೊಂಡು ಸೋರಿದ್ದನ್ನು ಕಂಡಿತು. ಅಲ್ಲಿ ವೈರಸ್ ಸಿಗಲಿಲ್ಲ. ರಕ್ತ ಹೆಪ್ಪುಗಟ್ಟುವ ಗುಣವೂ ಸೋಂಕಿನಲ್ಲಿ ಹೆಚ್ಚುವುದರಿಂದ ಕೆಲವು ಕಿರಿಯರಿಗೂ ಲಕ್ವ ಹೊಡೆಯಿತು. ರಕ್ತನಾಳದ ಸೋರಿಕೆ, ಹೆಪ್ಪು ಬಿಟ್ಟರೆ ಹಾನಿಯ ಮೂರನೆಯ ದಾರಿ ಮೈಕ್ರೋಗ್ಲಿಯಾ, ಅಂದರೆ ಮೆದುಳಿನ ಕಾವಲು ಕೋಶಗಳು. ಸ್ಟ್ಯಾನ್‌ಫರ್ಡ್‌ನ ಮಿಶೆಲ್ ಮೊಂಜೆ ಮತ್ತು ಯೇಲ್‌ನ ಅಕಿಕೊ ಇವಾಸಾಕಿ ಅವರ ತಂಡಗಳು ಇಲಿಗಳ ಉಸಿರಾಟದ ಅಂಗಗಳಿಗೆ ಮಾತ್ರ ಹಗುರವಾದ ಸೋಂಕು ತಗಲಿಸಿ ನೋಡಿದವು. ವಾರಗಳು ಕಳೆದರೂ ಆ ಕಾವಲು ಕೋಶಗಳು ಕೆರಳಿಯೇ ಇದ್ದವು. ನರದ ಎಳೆಗಳಿಗೆ ಹೊದಿಕೆ ಕಟ್ಟುವ ಕೋಶಗಳು ಕಡಿಮೆಯಾಗಿದ್ದವು, ನೆನಪಿನ ಜಾಗದಲ್ಲಿ ಹೊಸ ನರಕೋಶಗಳು ಹುಟ್ಟುವುದೂ ತಗ್ಗಿತ್ತು. "ಮಾತಾಡ್ತಾ ಮಾತಾಡ್ತಾ ಏನು ಹೇಳ್ತಿದ್ದೆ ಅನ್ನೋದೇ ಮರೆತು ಹೋಗುತ್ತೆ, ತಲೆ ಮಂಕು ಹಿಡಿದ ಹಾಗಿದೆ" ಎನ್ನುವವರ ಅನುಭವಕ್ಕೆ ಇದು ಒಳ್ಳೆಯ ವಿವರಣೆ ಎಂದು ನನ್ನ ಭಾವನೆ.

ಎರಡೆರಡು ಸಲ ತೆಗೆದಿದ್ದ 785 ಜನರ ಮೆದುಳಿನ ಸ್ಕ್ಯಾನ್‌ಗಳನ್ನು ಆಕ್ಸ್‌ಫರ್ಡ್‌ನ ತಂಡ ಹೋಲಿಸಿ ನೋಡಿತು; 401 ಜನರಿಗೆ ಆ ಎರಡರ ನಡುವೆ ಸೋಂಕು ತಗಲಿತ್ತು. ಅವರಲ್ಲಿ ವಾಸನೆಗೆ ನಂಟಿರುವ ಭಾಗಗಳು ಉಳಿದವರಿಗಿಂತ ಸರಾಸರಿ ಶೇ. 0.2ರಿಂದ 2ರಷ್ಟು ಹೆಚ್ಚು ಕುಗ್ಗಿದ್ದವು. ಅಷ್ಟು ಸಣ್ಣ ವ್ಯತ್ಯಾಸ ನೂರಾರು ಜನರನ್ನು ಹೋಲಿಸಿದರೆ ತೋರುತ್ತದೆ, ಒಬ್ಬರ ಸ್ಕ್ಯಾನಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ "ರಿಪೋರ್ಟ್ ನಾರ್ಮಲ್, ಸುಮ್ಮನೆ ಮನಸ್ಸಿಗೆ ಹಚ್ಕೊಂಡಿದ್ದೀಯ" ಎಂದು ಮನೆಯವರು ಗದರಬಾರದು.

ಲಕ್ವ, ಮೆದುಳಿನ ಉರಿಯೂತ, ಕೈಕಾಲಿನ ಬಲ ಕುಸಿಯುವ ಗಿಲಾನ್-ಬಾರೆ: ಕೋವಿಡ್ ಜೊತೆ ಇಂಥವು ಬಂದವರನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ನೋಡಿ ದಾಖಲಿಸಿದರು. ಆ ಆಸ್ಪತ್ರೆ ಇರುವುದು ಕೃಷ್ಣಗಿರಿ ಜಿಲ್ಲೆಯ ಕಡೆ ಹೋಗುವ ಹೊಸೂರು ರಸ್ತೆಯಲ್ಲೇ. ಲಕ್ವ ಹೊಡೆದರೆ ಹೆಪ್ಪು ಕರಗಿಸುವ ಮದ್ದು ಕೊಡಲು ಸಾಮಾನ್ಯವಾಗಿ ಇರುವ ಸಮಯ 4.5 ಗಂಟೆ. ಲಾಕ್‌ಡೌನ್ ಕಾಲದಲ್ಲಿ ಆ ಹಳ್ಳಿಗಳಿಗೂ ಆಸ್ಪತ್ರೆಗೂ ನಡುವೆ ಅತ್ತಿಬೆಲೆಯ ಗಡಿ, ದಾಟಲು ಇ-ಪಾಸ್. ಕೃಷ್ಣಗಿರಿ ಜಿಲ್ಲೆಯ ಕನ್ನಡ ಹಳ್ಳಿಗಳಿಗೆ ರಾಜ್ಯದ ಗೆರೆ ಅಷ್ಟು ಕಠಿಣವಾಗಿ ತಾಗಿದ್ದು ಅಪರೂಪ. ಇನ್ನೊಂದು ಪಿಡುಗು ಕೋವಿಡ್ ಬೆನ್ನಿಗೇ ಬಂದ ಶಿಲೀಂಧ್ರದ ಸೋಂಕು. 2021ರ ಆ ಬ್ಲ್ಯಾಕ್ ಫಂಗಸ್, ಸಕ್ಕರೆ ಕಾಯಿಲೆ ಹಿಡಿತ ತಪ್ಪಿದವರಲ್ಲಿ, ಸ್ಟೀರಾಯ್ಡ್ ಹೆಚ್ಚು ತೆಗೆದುಕೊಂಡವರಲ್ಲಿ ಮೂಗಿನಿಂದ ಕಣ್ಣಿಗೆ, ಕೆಲವೊಮ್ಮೆ ಮೆದುಳಿಗೂ ಹಬ್ಬಿತು.

ವಾಸನೆ ಮರಳದವರಿಗೆ ದುಬಾರಿಯಲ್ಲದ ಒಂದು ದಾರಿಯಿದೆ. ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹುಮೆಲ್ 2009ರಲ್ಲಿ ಪ್ರಕಟಿಸಿದ ಅಭ್ಯಾಸ ಅದು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ಈ ನಾಲ್ಕನ್ನು ಬೆಳಿಗ್ಗೆ, ಸಂಜೆ ಒಂದೊಂದಾಗಿ ಕೆಲವು ಸೆಕೆಂಡ್ ಮೂಸಬೇಕು, ಮೂಸುವಾಗ ಆ ವಾಸನೆಯನ್ನು ನೆನಪಿಗೆ ತಂದುಕೊಳ್ಳಬೇಕು. ಗುಲಾಬಿ ಬೆಳೆಯುವ ಹೊಸೂರು, ತಳಿ ಸೀಮೆಯಲ್ಲಿ ಈ ನಾಲ್ಕಕ್ಕೆ ಪರದಾಡಬೇಕಿಲ್ಲ. ಎರಡು ವಾರಕ್ಕೆ ಬೇಸತ್ತು ಬಿಟ್ಟರೆ ಕೆಲಸವಾಗದು, 3 ತಿಂಗಳಾದರೂ ಬೇಕು. ಎಲ್ಲರಿಗೂ ಪೂರ್ತಿ ಮರಳುವ ಭರವಸೆಯೂ ಇಲ್ಲ. ವಾಸನೆ ಮರಳುವವರೆಗೆ ಮಲಗುವ ಮುನ್ನ ಗ್ಯಾಸಿನ ರೆಗ್ಯುಲೇಟರ್ ಆಫ್ ಮಾಡಬೇಕು, ಸಾರು ಹಳಸಿದೆಯೇ ಎಂದು ಮನೆಯ ಇನ್ನೊಬ್ಬರ ಮೂಗಿನಿಂದ ನೋಡಿಸಬೇಕು.