ಬೆಂಗಳೂರೋ ಹೈದರಾಬಾದೋ? ವಿದೇಶದಿಂದ ಮರಳುವವರು ಊರು ಆರಿಸುವುದು ಹೇಗೆ?

ಹತ್ತು ಹದಿನೈದು ವರ್ಷ ಅಮೆರಿಕದಲ್ಲೋ ಜರ್ಮನಿಯಲ್ಲೋ ಇದ್ದು, ಇನ್ನು ಸಾಕು ಎಂದು ಮರಳಲು ತೀರ್ಮಾನಿಸಿದ ಕುಟುಂಬಗಳ ಮುಂದೆ ಬೇಗನೆ ಬಂದು ನಿಲ್ಲುವ ಪ್ರಶ್ನೆ ಇದು: ಯಾವ ಊರಿಗೆ? ಕೆಲಸ ಸಾಫ್ಟ್‌ವೇರ್, ಔಷಧ ತಯಾರಿಕೆ ಅಥವಾ ಸಂಶೋಧನೆಯದ್ದಾದರೆ ಆಯ್ಕೆ ಹಲವು ಸಲ ಬೆಂಗಳೂರು ಮತ್ತು ಹೈದರಾಬಾದ್ ಎಂಬ ಎರಡು ಹೆಸರಿಗೆ ಬಂದು ನಿಲ್ಲುತ್ತದೆ. ಆಮೇಲೆ ಕೇಳಿಬರುವ ಮಾತುಗಳು ನಮಗೆಲ್ಲ ಬಾಯಿಪಾಠ. "ಬೆಂಗಳೂರಲ್ಲಿ ಹವೆ ಚೆನ್ನ, ಆದರೆ ಟ್ರಾಫಿಕ್ಕಿನಲ್ಲೇ ಆಯಸ್ಸು ಮುಗಿಯುತ್ತೆ." "ಹೈದರಾಬಾದಲ್ಲಿ ರಸ್ತೆ ಅಗಲ, ಆದರೆ ಬಿಸಿಲು ತಡೆಯೋಕಾಗಲ್ಲ." "ಮಗುವಿಗೆ ಉಬ್ಬಸ ಇದೆಯಾ? ಹಾಗಾದರೆ ಬೆಂಗಳೂರು ಬೇಡವೇ ಬೇಡ."

ಈ ಮಾತುಗಳಲ್ಲಿ ಎಷ್ಟು ನಿಜ, ಎಷ್ಟು ಬರೀ ನಂಬಿಕೆ? ಒಂದೊಂದಾಗಿ ನೋಡೋಣ.

ಡಿಸೆಂಬರಿನ ಊರು ನಿಜವಾದ ಊರಲ್ಲ

ವಿದೇಶದಲ್ಲಿರುವವರಲ್ಲಿ ಅನೇಕರು ಊರಿಗೆ ಬರುವುದು ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ರಜೆಗೆ. ಆಗ ಎರಡೂ ಊರುಗಳಲ್ಲಿ ಹಗಲಿನ ತಾಪಮಾನ 26ರಿಂದ 29 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮಳೆ ಇಲ್ಲ, ಸೆಕೆ ಇಲ್ಲ. ನಿಮಗೆ ಆಫೀಸಿಲ್ಲ, ಮಕ್ಕಳಿಗೆ ಶಾಲೆಯಿಲ್ಲ. ನೀರಿನ ಟ್ಯಾಂಕರಿಗೆ ಫೋನ್ ಮಾಡುವ ಕೆಲಸ ಅಪ್ಪನದು.

ಸಂಖ್ಯಾಶಾಸ್ತ್ರದಲ್ಲಿ ಇದನ್ನು ಪಕ್ಷಪಾತದ ಮಾದರಿ ಎನ್ನುತ್ತಾರೆ. ಮೂಟೆಯ ಮೇಲಿನ ಒಂದು ಹಿಡಿ ಅಕ್ಕಿ ನೋಡಿ ಇಡೀ ಮೂಟೆಯನ್ನು ಕೊಂಡ ಹಾಗೆ. ಮೂರು ವಾರದ ರಜೆಯ ಅನುಭವದಿಂದ ಐವತ್ತೆರಡು ವಾರದ ಬದುಕನ್ನು ಅಳೆಯಲಾಗದು.

ನೆನಪಿನ ಸಮಸ್ಯೆಯೂ ಇದೆ. 2001ರ ಜನಗಣತಿಯಲ್ಲಿ ಬೆಂಗಳೂರು ಮಹಾನಗರ ಪ್ರದೇಶದ ಜನಸಂಖ್ಯೆ ಸುಮಾರು 57 ಲಕ್ಷ. 2011ಕ್ಕೆ ಅದು 85 ಲಕ್ಷದ ಹತ್ತಿರ ಬಂತು. ಹೈದರಾಬಾದ್ ಪ್ರದೇಶ ಅದೇ ವರ್ಷ 77 ಲಕ್ಷದ ಸುಮಾರಿಗಿತ್ತು. ಆಮೇಲೂ ಎರಡು ಊರುಗಳು ಬೆಳೆಯುತ್ತಲೇ ಇವೆ. 2005ರಲ್ಲಿ ವಿಮಾನ ಹತ್ತಿದವರು ಮರಳಿ ಹುಡುಕುವ ಊರು ಈಗ ಅಲ್ಲಿಲ್ಲ.

ಹವೆ ಚೆನ್ನಾಗಿದ್ದರೆ ಬದುಕೂ ಚೆನ್ನಾಗಿರುತ್ತದೆಯೇ?

ಬೆಂಗಳೂರು ತಂಪಾಗಿರುವುದು ನಿಜ. ಅದಕ್ಕೆ ಮುಖ್ಯ ಕಾರಣ ಎತ್ತರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಹೈದರಾಬಾದ್ ಸುಮಾರು 540 ಮೀಟರ್. ಸಾವಿರ ಮೀಟರ್ ಮೇಲೇರಿದರೆ ಗಾಳಿಯ ತಾಪಮಾನ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಆ ಲೆಕ್ಕದಲ್ಲಿ ಎತ್ತರವೊಂದರಿಂದಲೇ ಎರಡೂವರೆ ಡಿಗ್ರಿ ವ್ಯತ್ಯಾಸ ಬರುತ್ತದೆ. ಬೇಸಿಗೆಯಲ್ಲಿ ಅಂತರ ಇನ್ನೂ ಹೆಚ್ಚು. ಬೆಂಗಳೂರಿನಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ನೆಲವನ್ನು ತಣಿಸುತ್ತದೆ. ಹಾಗಾಗಿ ಏಪ್ರಿಲಿನ ಸರಾಸರಿ ಗರಿಷ್ಠ ತಾಪಮಾನ 34 ಡಿಗ್ರಿಯ ಸುಮಾರಿಗೆ ನಿಲ್ಲುತ್ತದೆ. ಹೈದರಾಬಾದಿನಲ್ಲಿ ಮೇ ತಿಂಗಳಲ್ಲಿ ಅದು 39ರ ಸುಮಾರು.

ಆದರೆ ಹೈದರಾಬಾದಿನ ಬೇಸಿಗೆ ಒಣ ಬೇಸಿಗೆ. ಗಾಳಿಯಲ್ಲಿ ತೇವ ಕಡಿಮೆ ಇದ್ದಾಗ ಬೆವರು ಬೇಗ ಆರಿ ಮೈ ತಣ್ಣಗಾಗುತ್ತದೆ. ಒದ್ದೆ ಹುಲ್ಲಿನ ಏರ್ ಕೂಲರ್ ಅಲ್ಲಿ ಕೆಲಸ ಮಾಡುವುದೂ ಚೆನ್ನೈಯಲ್ಲಿ ಮಾಡದಿರುವುದೂ ಇದೇ ಕಾರಣಕ್ಕೆ. ಮನೆಯಲ್ಲಿ ವಯಸ್ಸಾದವರು, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಇದ್ದರೆ ಆ ಎರಡು ಮೂರು ತಿಂಗಳ ಬಿಸಿಲನ್ನು ಲಘುವಾಗಿ ನೋಡಬಾರದು. ಉಳಿದವರಿಗೆ ಅದು ಕರೆಂಟ್ ಬಿಲ್ಲಿನ ಪ್ರಶ್ನೆ.

ಹವೆಗೆ ನಾವು ಕೊಡುವ ತೂಕ ಮಾತ್ರ ಅದರ ನಿಜವಾದ ತೂಕಕ್ಕಿಂತ ಹೆಚ್ಚು. ಮನೋವಿಜ್ಞಾನಿಗಳಾದ ಡೇನಿಯಲ್ ಕಾನ್‌ಮನ್ ಮತ್ತು ಡೇವಿಡ್ ಶ್ಕೇಡ್ 1998ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತೋರಿಸಿತು. ಚಳಿಗೆ ಹೆಸರಾದ ಅಮೆರಿಕದ ಮಧ್ಯಪಶ್ಚಿಮ ರಾಜ್ಯಗಳು ಮತ್ತು ಬಿಸಿಲು ಹಿತವಾಗಿರುವ ಕ್ಯಾಲಿಫೋರ್ನಿಯದ ಸುಮಾರು ಎರಡು ಸಾವಿರ ವಿದ್ಯಾರ್ಥಿಗಳನ್ನು ಅವರು ಪ್ರಶ್ನಿಸಿದರು. ಕ್ಯಾಲಿಫೋರ್ನಿಯದವರೇ ಹೆಚ್ಚು ಸುಖಿಗಳು ಎಂದು ಎರಡೂ ಕಡೆಯವರು ಊಹಿಸಿದರು. ಆದರೆ "ನಿಮ್ಮ ಬದುಕು ನಿಮಗೆ ಎಷ್ಟು ತೃಪ್ತಿ ಕೊಟ್ಟಿದೆ?" ಎಂದು ಅವರನ್ನೇ ಕೇಳಿದಾಗ ಎರಡು ಗುಂಪುಗಳ ಉತ್ತರದಲ್ಲಿ ವ್ಯತ್ಯಾಸ ಕಾಣಲಿಲ್ಲ. ಎರಡು ಊರನ್ನು ಹೋಲಿಸುವಾಗ ಕಣ್ಣಿಗೆ ಬೀಳುವುದು ಎದ್ದು ಕಾಣುವ ಅಂಶ. ಬದುಕುವಾಗ ದಿನವನ್ನು ತುಂಬುವುದು ಕೆಲಸ, ಮನೆ, ನಿದ್ದೆ, ಜೊತೆಗಿರುವ ಜನ.

ಟ್ರಾಫಿಕ್: ಊರಿನದ್ದಲ್ಲ, ನಿಮ್ಮ ದಾರಿಯ ಲೆಕ್ಕ

ನಗರಗಳ ವಾಹನ ವೇಗ ಅಳೆಯುವ ಟಾಮ್‌ಟಾಮ್ ಸೂಚ್ಯಂಕದ ಪ್ರಕಾರ 2024ರಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ದಾಟಲು ಸರಾಸರಿ 34 ನಿಮಿಷ ಬೇಕಾಯಿತು. ಜಗತ್ತಿನ ಅತಿ ನಿಧಾನದ ಊರುಗಳ ಪಟ್ಟಿಯಲ್ಲಿ ಅದಕ್ಕೆ ಮೂರನೆಯ ಸ್ಥಾನ. ಹೈದರಾಬಾದಿನ ಅಂಕಿ? ಸುಮಾರು 32 ನಿಮಿಷ. ಅಷ್ಟೆಲ್ಲ ಮಾತಾಗುವ ಅಂತರ ಸರಾಸರಿಯಲ್ಲಿ ಇರುವುದು ಎರಡು ನಿಮಿಷದಷ್ಟು.

ಹಾಗಾದರೆ ಹೈದರಾಬಾದಿನಲ್ಲಿ ಸಲೀಸು ಎನ್ನುವವರು ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲ. ಆ ಊರನ್ನು ಸುತ್ತುವರಿದ 158 ಕಿಲೋಮೀಟರಿನ ಹೊರವರ್ತುಲ ರಸ್ತೆಯ ಪಕ್ಕದಲ್ಲೇ ಮನೆ, ಅದೇ ದಿಕ್ಕಿನಲ್ಲಿ ಆಫೀಸು ಇದ್ದವರಿಗೆ ಅದು ನಿಜ. ಕುಕಟ್‌ಪಲ್ಲಿಯಿಂದ ಹೈಟೆಕ್ ಸಿಟಿಗೆ ಬೆಳಗ್ಗೆ ಒಂಬತ್ತಕ್ಕೆ ಹೊರಡುವವರನ್ನು ಕೇಳಿದರೆ ಬೇರೆ ಕಥೆ. ಬೆಂಗಳೂರಿನಲ್ಲೂ ಹಾಗೆಯೇ. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗ ಪೂರ್ತಿಯಾದ ಮೇಲೆ ವಿಜಯನಗರದವರು ವೈಟ್‌ಫೀಲ್ಡಿಗೆ ಮೆಟ್ರೋದಲ್ಲಿ ಕೂತೇ ಹೋಗಬಹುದು. ಹೊರವರ್ತುಲ ರಸ್ತೆಯ ಆಫೀಸಿಗೆ ಕಾರಿನಲ್ಲಿ ಹೋಗುವವರಿಗೆ ಆ ಅನುಕೂಲ ಇಲ್ಲ.

ಇಲ್ಲಿ ಸ್ವಲ್ಪ ಗಣಿತ ಮಾಡೋಣ. ಹೋಗಲು ಇಪ್ಪತ್ತು ನಿಮಿಷ ಬೇಕಾಗುವ ಮನೆ ಒಂದು, ಒಂದು ಗಂಟೆ ಬೇಕಾಗುವ ಮನೆ ಇನ್ನೊಂದು. ಹೋಗಿ ಬರುವ ವ್ಯತ್ಯಾಸ ದಿನಕ್ಕೆ 80 ನಿಮಿಷ. ವರ್ಷಕ್ಕೆ 240 ಕೆಲಸದ ದಿನ ಎಂದರೆ 320 ಗಂಟೆ, ಅಂದರೆ ಎಂಟು ಗಂಟೆಯ ನಲವತ್ತು ದಿನಗಳು. ದೊಡ್ಡ ಮನೆ ಕಡಿಮೆ ಬೆಲೆಗೆ ಸಿಕ್ಕಿತು ಎಂದು ದೂರ ಹೋದವರು ಕೊಡುವ ಬೆಲೆ ಇದು. ಅರ್ಥಶಾಸ್ತ್ರಜ್ಞರಾದ ಬ್ರೂನೋ ಫ್ರೈ ಮತ್ತು ಅಲೋಯಿಸ್ ಸ್ಟುಟ್ಜರ್ ಜರ್ಮನಿಯ ಕುಟುಂಬಗಳ ಸಮೀಕ್ಷೆಯನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು. ದೂರದ ಪ್ರಯಾಣದ ಕಷ್ಟವನ್ನು ಒಳ್ಳೆಯ ಸಂಬಳವಾಗಲಿ ಅಗ್ಗದ ಮನೆಯಾಗಲಿ ಪೂರ್ತಿ ತುಂಬಿಕೊಡುವುದಿಲ್ಲ.

ಮಗುವಿನ ಉಬ್ಬಸಕ್ಕೆ ಊರು ಬದಲಿಸಿದರೆ ಸಾಕೇ?

ಬೆಂಗಳೂರಿಗೆ ಉಬ್ಬಸದ ಊರು ಎಂಬ ಹೆಸರು ಬಂದದ್ದು ಸುಮ್ಮನೆ ಅಲ್ಲ. ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಉಬ್ಬಸದ ಪ್ರಮಾಣ 1979ರಲ್ಲಿ ಶೇ. 9 ಇದ್ದದ್ದು 1999ಕ್ಕೆ ಶೇ. 29.5 ಆಯಿತು ಎಂದು ದಾಖಲಿಸಿದರು. ಇದು ಆಸ್ಪತ್ರೆಯ ಲೆಕ್ಕ. ಇಡೀ ಊರಿನ ಮಕ್ಕಳ ಲೆಕ್ಕ ಎಂದು ಓದಬಾರದು.

ಅವರದೇ ಇನ್ನೊಂದು ಅಂಕಿ ನಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರ. ಬೆಂಗಳೂರಿನ 12 ಶಾಲೆಗಳ 6,550 ಮಕ್ಕಳನ್ನು ನೋಡಿದಾಗ, ವಾಹನ ದಟ್ಟಣೆ ಹೆಚ್ಚಿರುವ ಪ್ರದೇಶದ ಶಾಲೆಗಳಲ್ಲಿ ಉಬ್ಬಸ ಇದ್ದವರು ಶೇ. 19.34, ದಟ್ಟಣೆ ಕಡಿಮೆ ಇರುವ ಪ್ರದೇಶದ ಶಾಲೆಗಳಲ್ಲಿ ಶೇ. 11.15. ಊರು ಒಂದೇ, ರಸ್ತೆ ಬೇರೆ!

ಗಾಳಿಯ ಸೂಕ್ಷ್ಮ ಕಣಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಟ್ಟ ವಾರ್ಷಿಕ ಮಿತಿ ಘನಮೀಟರಿಗೆ 5 ಮೈಕ್ರೋಗ್ರಾಂ. ಭಾರತದ ಮಿತಿ 40. ದೆಹಲಿಯ ಚಳಿಗಾಲಕ್ಕೆ ಹೋಲಿಸಿದರೆ ಎರಡೂ ಊರುಗಳ ಗಾಳಿ ಎಷ್ಟೋ ವಾಸಿ, ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗೆ ಹೋಲಿಸಿದರೆ ಎರಡೂ ಹಲವು ಪಟ್ಟು ಹೆಚ್ಚು.

ಅಲರ್ಜಿಯ ವಿಷಯದಲ್ಲಿ ಇನ್ನೊಂದು ಮೋಸ ಇದೆ. ಹೊಸ ಊರಿನಲ್ಲಿ ಮೊದಲ ವರ್ಷ ಸೀನು, ಕೆಮ್ಮು ಕಡಿಮೆಯಾಗಿ "ಈ ಊರು ಹಿಡಿಸಿತು" ಎನಿಸಬಹುದು. ಅಲ್ಲಿಯ ಪರಾಗಕ್ಕೆ, ಧೂಳಿನ ಹುಳುವಿಗೆ ದೇಹ ಸಿಟ್ಟಾಗಲು ಸಮಯ ಬೇಕು. ಒಂದೆರಡು ವರ್ಷದ ನಂತರ ತೊಂದರೆ ಮತ್ತೆ ತಲೆಯೆತ್ತಬಹುದು. ನಾವು ಕಾಂಗ್ರೆಸ್ ಗಿಡ ಎನ್ನುವ ಪಾರ್ಥೇನಿಯಂ ಎರಡೂ ಊರುಗಳ ಖಾಲಿ ಸೈಟುಗಳಲ್ಲಿ ಬೆಳೆಯುತ್ತದೆ. ಆದ್ದರಿಂದ ಊರು ಬದಲಾಯಿತೆಂದು ಇನ್‌ಹೇಲರ್ ನಿಲ್ಲಿಸಬೇಡಿ. ಮಗುವಿನ ವೈದ್ಯಕೀಯ ದಾಖಲೆಗಳನ್ನು ತಂದು, ಬಂದ ಕೂಡಲೇ ಇಲ್ಲಿಯ ವೈದ್ಯರಿಗೆ ತೋರಿಸಿ. ಮನೆಯನ್ನೂ ಶಾಲೆಯನ್ನೂ ದೊಡ್ಡ ರಸ್ತೆಯಿಂದ ಒಳಗೆ ಹುಡುಕಿ.

ನೀರು: ಬರದಿದ್ದರೂ ಕಷ್ಟ, ನುಗ್ಗಿದರೂ ಕಷ್ಟ

ಎರಡೂ ಊರುಗಳು ದೂರದ ನದಿಗಳಿಂದ ಕುಡಿಯುತ್ತವೆ. ಬೆಂಗಳೂರಿಗೆ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು ಐನೂರು ಮೀಟರ್ ಎತ್ತರಕ್ಕೆ ಪಂಪಾಗಿ ಬರುತ್ತದೆ. ಹೈದರಾಬಾದಿಗೆ ಮಂಜೀರಾ ಅಲ್ಲದೆ ಕೃಷ್ಣಾ, ಗೋದಾವರಿ ನದಿಗಳಿಂದಲೂ ನೀರು ಬರುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಹೊರವಲಯದ ಬೋರ್‌ವೆಲ್‌ಗಳು ಬತ್ತಿದಾಗ ಕಾವೇರಿ ಸಂಪರ್ಕ ಇದ್ದ ಹಳೆಯ ಬಡಾವಣೆಗಳಿಗೂ ಇಲ್ಲದ ಹೊಸ ಅಪಾರ್ಟ್‌ಮೆಂಟ್‌ಗಳಿಗೂ ಇದ್ದ ವ್ಯತ್ಯಾಸ ಎದ್ದು ಕಂಡಿತು. ಆ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ 110 ಹಳ್ಳಿಗಳ ಪ್ರದೇಶಕ್ಕೆ ನೀರು ಕೊಡುವ ಕೆಲಸ ಆರಂಭವಾಯಿತು. ಎರಡೂ ಊರಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಈ ಮನೆಗೆ ನದಿ ನೀರಿನ ಸಂಪರ್ಕ ಇದೆಯೇ, ಬೇಸಿಗೆಯಲ್ಲಿ ವಾರಕ್ಕೆ ಎಷ್ಟು ಟ್ಯಾಂಕರ್ ಬರುತ್ತದೆ?

ಮಳೆಗಾಲದ ಕಥೆಯೂ ಸಮಸಮ. 2020ರ ಅಕ್ಟೋಬರಿನಲ್ಲಿ ಹೈದರಾಬಾದ್ ಮುಳುಗಿತು, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವ ಭಾಗ. ಎರಡೂ ಕೆರೆಗಳ ಊರುಗಳು. ಕೆರೆಯಿಂದ ಕೆರೆಗೆ ನೀರು ಹರಿಯುವ ದಾರಿಯಲ್ಲಿ ಕಟ್ಟಡ ಎದ್ದರೆ ನೀರು ಕಟ್ಟಡದೊಳಗೇ ಹರಿಯುತ್ತದೆ. 1908ರ ಮೂಸಿ ಪ್ರವಾಹದ ನಂತರ ಹೈದರಾಬಾದಿನ ರಕ್ಷಣೆಗೆ ಯೋಜನೆ ಮಾಡಿಕೊಟ್ಟವರು ನಮ್ಮ ಸರ್. ಎಂ. ವಿಶ್ವೇಶ್ವರಯ್ಯನವರೇ. ಆ ಯೋಜನೆಯ ಫಲವಾದ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಇಂದಿಗೂ ಇವೆ. ಮನೆ ಕೊಳ್ಳುವ ಮುಂಚೆ ಹಳೆಯ ಕಂದಾಯ ನಕ್ಷೆಯಲ್ಲಿ ಆ ಜಾಗ ಕೆರೆಯಂಗಳವೋ ರಾಜಕಾಲುವೆಯೋ ಎಂದು ನೋಡುವುದು ಎಲ್ಲಕ್ಕಿಂತ ಅಗ್ಗದ ವಿಮೆ.

ಮರಳುವುದು ಯಾರಿಗಾಗಿ?

ಮರಳಲು ಕಾರಣ ಕೇಳಿದರೆ ಬಹಳ ಮಂದಿ ಮೊದಲು ಹೇಳುವುದು "ಅಪ್ಪ ಅಮ್ಮನಿಗೆ ವಯಸ್ಸಾಯ್ತು" ಎಂದು. ಆದರೆ ಊರು ಹೋಲಿಸುವ ಪಟ್ಟಿಯಲ್ಲಿ ಅದು ಕೊನೆಯ ಸಾಲಿನಲ್ಲಿರುತ್ತದೆ. ಅಪ್ಪ ಅಮ್ಮ ಮೈಸೂರು, ಹಾಸನ, ಶಿವಮೊಗ್ಗದಲ್ಲಿದ್ದರೆ ಉತ್ತರ ಸುಲಭ. ಬೀದರ್, ಕಲಬುರಗಿ, ರಾಯಚೂರಿನವರಿಗೆ ನಕ್ಷೆ ಬೇರೆಯೇ ಹೇಳುತ್ತದೆ. ಬೀದರಿನಿಂದ ಹೈದರಾಬಾದ್ ಸುಮಾರು 140 ಕಿಲೋಮೀಟರ್, ಬೆಂಗಳೂರು ಅದರ ನಾಲ್ಕೈದು ಪಟ್ಟು ದೂರ. ಕಲಬುರಗಿಯಿಂದ ಹೈದರಾಬಾದ್ ಸುಮಾರು 220. ರಾತ್ರಿ ಹತ್ತಕ್ಕೆ ಫೋನ್ ಬಂದರೆ ಬೆಳಗಾಗುವ ಮುಂಚೆ ತಲುಪುವುದು ಎಲ್ಲಿಂದ? ಆ ಭಾಗದವರು ತಲೆಮಾರುಗಳಿಂದ ಓದಿಗೆ, ಆಸ್ಪತ್ರೆಗೆ, ವ್ಯಾಪಾರಕ್ಕೆ ಹೈದರಾಬಾದಿನ ಬಸ್ಸು ಹತ್ತಿದವರು.

ಮಕ್ಕಳ ಕನ್ನಡ ಹೋಗಿಬಿಡುತ್ತದೆ ಎಂಬ ಆತಂಕ ನಿಜವಾದದ್ದೇ. ಶಾಲೆಗಳಲ್ಲಿ ತಂತಮ್ಮ ಭಾಷೆ ಕಲಿಸಲು ಕರ್ನಾಟಕ 2015ರಲ್ಲಿ, ತೆಲಂಗಾಣ 2018ರಲ್ಲಿ ಕಾನೂನು ಮಾಡಿವೆ. ಹೈದರಾಬಾದಿನಲ್ಲಿ ಮಗು ತೆಲುಗು ಕಲಿಯುತ್ತದೆ, ಕನ್ನಡ ಮನೆಯಲ್ಲೇ ಉಳಿಯಬೇಕು. ಎರಡೂ ಲಿಪಿಗಳು ಒಂದೇ ಮೂಲದಿಂದ ಬಂದವು, ಹಾಗಾಗಿ ಒಂದನ್ನು ಕಲಿತ ಮಗುವಿಗೆ ಇನ್ನೊಂದನ್ನು ಓದಲು ಕಲಿಸುವುದು ಕಷ್ಟವಲ್ಲ. ಬೆಂಗಳೂರಿಗೆ ಬಂದ ಮಾತ್ರಕ್ಕೆ ಕನ್ನಡ ತಾನಾಗಿ ಬರುವುದೂ ಇಲ್ಲ. ಮನೆಯಲ್ಲಿ ಆಡದ ಭಾಷೆ ಅಪಾರ್ಟ್‌ಮೆಂಟಿನ ಆಟದ ಮೈದಾನದಲ್ಲಿ ಸಿಗುವುದು ಅಪರೂಪ.

ಹಾಗಾದರೆ ನಿರ್ಧಾರ ಹೇಗೆ?

ಊರಿಗೆ ಅಂಕ ಕೊಡುವುದನ್ನು ಬಿಟ್ಟು, ನಿಮ್ಮ ಒಂದು ಮಾಮೂಲಿ ಮಂಗಳವಾರವನ್ನು ಕಾಗದದ ಮೇಲೆ ಬರೆಯಿರಿ. ಎಷ್ಟಕ್ಕೆ ಏಳುತ್ತೀರಿ, ಶಾಲೆಯ ಬಸ್ಸು ಎಷ್ಟು ಹೊತ್ತಿಗೆ, ಆಫೀಸು ಎಷ್ಟು ದೂರ, ಸಂಜೆ ಯಾರ ಜೊತೆ. ಎರಡೂ ಊರಲ್ಲಿ ನಿಮಗೆ ಕೈಗೆಟುಕುವ ಒಂದೊಂದು ಬಡಾವಣೆಯನ್ನು ಹಿಡಿದು ಇದನ್ನು ಬರೆದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಸಾಧ್ಯವಿದ್ದರೆ ಡಿಸೆಂಬರ್ ಬಿಟ್ಟು ಏಪ್ರಿಲ್, ಮೇನಲ್ಲಿ ಒಂದು ಸಲ ಬನ್ನಿ. ನೆಂಟರ ಮನೆಯಲ್ಲಿ ಇಳಿಯದೆ, ನೀವು ಇರಬೇಕೆಂದಿರುವ ಬಡಾವಣೆಯಲ್ಲೇ ಬಾಡಿಗೆಗೆ ಹಿಡಿದು ಕೆಲವು ದಿನ ಇರಿ. ಬೆಳಗ್ಗೆ ಎಂಟೂವರೆಗೆ ಆಫೀಸಿನ ದಾರಿಯಲ್ಲಿ ಹೋಗಿ ನೋಡಿ. ಕಾವಲುಗಾರನನ್ನು ಟ್ಯಾಂಕರ್ ಬಗ್ಗೆ ಕೇಳಿ. ಅವರು ಹೇಳುವುದು ಬಿಲ್ಡರ್ ಹೇಳುವುದಕ್ಕಿಂತ ನಂಬಲರ್ಹ.

ಮೊದಲ ಎರಡು ವರ್ಷ ಮನೆ ಕೊಳ್ಳಬೇಡಿ. ಮರಳಿದ ಹೊಸದರಲ್ಲಿ ಎಲ್ಲರಿಗೂ ಕಷ್ಟವಾಗುತ್ತದೆ. ಮಕ್ಕಳು ಹಳೆಯ ಗೆಳೆಯರನ್ನು ನೆನೆದು ಅಳುತ್ತಾರೆ, ಪ್ರತಿ ಕಾಗದಕ್ಕೂ ಮೂರು ಸಲ ಅಲೆಯಬೇಕಾಗುತ್ತದೆ. ಆ ಸಿಟ್ಟನ್ನೆಲ್ಲ ನಾವು ಊರಿನ ಮೇಲೆ ಹಾಕುತ್ತೇವೆ, ಇನ್ನೊಂದು ಊರು ಆರಿಸಬೇಕಿತ್ತು ಎನ್ನುತ್ತೇವೆ. ಇನ್ನೊಂದು ಊರಲ್ಲೂ ಅದೇ ಮೊದಲ ವರ್ಷ ಕಾದಿರುತ್ತಿತ್ತು. ಬಾಡಿಗೆ ಮನೆಯಲ್ಲಿದ್ದರೆ ಬಡಾವಣೆ ಬದಲಿಸುವುದು ಸುಲಭ, ಬೇಕಾದರೆ ಊರನ್ನೇ ಬದಲಿಸಬಹುದು. ಎರಡೂ ಊರುಗಳ ನಡುವೆ ಇರುವುದು ಒಂದು ಹಗಲಿನ ವಂದೇ ಭಾರತ್ ರೈಲು ಪ್ರಯಾಣ ಅಷ್ಟೇ.